ಬರೆಯದೆ ಬಿಟ್ಟ ಹೊಡೆತ

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ದುಃಖದಲ್ಲಿರುವವರಿಗೆ ಒಂದು ಸಣ್ಣ ಸುಳ್ಳು ಹೇಳಿದರೆ ತಪ್ಪಾಗುತ್ತದೆಯೇ?”

ಅವನ ಕೈಯಲ್ಲಿ ತಂಗಿಯ ಕಾಗದವಿತ್ತು. ಅವರ ತಾಯಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ತಂಗಿ ದೂರದ ಊರಿನಲ್ಲಿದ್ದಳು. ಹೆರಿಗೆಯಾಗಿ ಆಗ ವಾರವೂ ಕಳೆದಿರಲಿಲ್ಲ, ಬರಲಾಗಲಿಲ್ಲ. ಅವಳು ಒಂದೇ ಮಾತು ಕೇಳಿದ್ದಳು: ಅಣ್ಣಾ, ಕೊನೆಗೆ ಅವ್ವ ನನ್ನನ್ನು ಕರೆದಳೇ?

“ಏನು ಬರೆಯಬೇಕೆಂದಿದ್ದೀಯೆ?” ಎಂದರು ಗುರುಗಳು.

“ಕರೆಯಲಿಲ್ಲ, ನಿದ್ದೆಯಲ್ಲೇ ಹೋದಳು ಎಂದು. ಅದರಿಂದ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಅವಳ ಎದೆಯ ಭಾರ ಇಳಿಯುತ್ತದೆ.”

ಗುರುಗಳು, “ಮಠಕ್ಕೆ ಬರುವ ಮೊದಲು ನಾನು ಒಂದು ಗಣಿಯೂರಿನ ಗಾಲ್ಫ್ ಕ್ಲಬ್ಬಿನಲ್ಲಿ ಗುಮಾಸ್ತನಾಗಿದ್ದೆ” ಎಂದರು.

ಶಿಷ್ಯನಿಗೆ ನಗು ಬಂತು. “ಗಾಲ್ಫ್ ದೊಡ್ಡವರ ಆಟವಲ್ಲವೇ, ಗುರುಗಳೇ?”

“ಆಡುವವರು ದೊಡ್ಡವರು. ಅವರು ಆಡಿ ಬಂದಾಗ ಕಾರ್ಡು ತೆಗೆದುಕೊಳ್ಳುವವನು ನಾನು. ಕೇಳು.”

ಗುರುಗಳು ಹೇಳಿದ್ದು ಇಷ್ಟು.

ಆ ಆಟದಲ್ಲಿ ಹದಿನೆಂಟು ಕುಳಿಗಳು. ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೋಗಿ ಒಂದೊಂದಾಗಿ ಎಲ್ಲ ಕುಳಿಗಳಿಗೂ ಬೀಳಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಕ್ಲಬ್ಬಿನ ಸ್ಪರ್ಧೆಯಲ್ಲಿ ಆಟಗಾರನ ಹಿಂದೆ ತೀರ್ಪುಗಾರ ನಡೆಯುವುದಿಲ್ಲ. ಜೊತೆಗೆ ಆಡುವವನೇ ಒಂದೊಂದು ಕುಳಿಗೂ ನಿನ್ನ ಹೊಡೆತ ಎಣಿಸಿ ನಿನ್ನ ಕಾರ್ಡು ಬರೆಯುತ್ತಾನೆ, ನೀನು ಅವನದನ್ನು ಬರೆಯುತ್ತೀಯೆ. ಹೊಡೆಯಬೇಕೆಂದು ಕೋಲು ಬೀಸಿ ಚೆಂಡಿಗೆ ತಾಗದೆ ಹೋದರೆ ಅದೂ ಒಂದು ಹೊಡೆತ. ಚೆಂಡು ಇದ್ದಲ್ಲೇ ಇದ್ದರೂ ಎಣಿಸಬೇಕು. ಕ್ಲಬ್ಬಿನವರಿಗೆ ಒಪ್ಪಿಕೊಳ್ಳಲು ಎಲ್ಲಕ್ಕಿಂತ ಕಷ್ಟವಾದ ನಿಯಮ ಇದು. ‘ಅದು ಸುಮ್ಮನೆ ಕೈ ಪಳಗಿಸಲು ಬೀಸಿದ್ದು’ ಎನ್ನುತ್ತಿದ್ದರು.

ಆಟ ಮುಗಿದ ಮೇಲೆ ಬರೆದವನೂ ಆಡಿದವನೂ ಕಾರ್ಡಿಗೆ ಸಹಿ ಮಾಡಿ ಕೊಡಬೇಕು. ಒಟ್ಟು ಮೊತ್ತ ಕೂಡುವುದು ಕ್ಲಬ್ಬಿನ ಕೆಲಸ. ಒಂದೊಂದು ಕುಳಿಯ ಸಂಖ್ಯೆಯೂ ಸರಿಯಿದೆಯೇ ಎಂದು ನೋಡುವುದು ಆಡಿದವನ ಹೊಣೆ. ಕೊಟ್ಟ ಮೇಲೆ ತಿದ್ದುವಂತಿಲ್ಲ. ಯಾವುದಾದರೂ ಕುಳಿಗೆ ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಉಳಿಯುತ್ತದೆ. ಕಡಿಮೆ ಬರೆದಿದ್ದರೆ ಆಟಗಾರ ಸ್ಪರ್ಧೆಯಿಂದ ಹೊರಗೆ.

ಅಲ್ಲಿ ಒಬ್ಬ ಭೂಮಾಪಕನಿದ್ದ. ಸರ್ಕಾರಿ ಕೆಲಸದಿಂದ ನಿವೃತ್ತನಾಗಿದ್ದ. ಅವನ ಸ್ನೇಹಿತ ಒಬ್ಬ ವ್ಯಾಪಾರಿ. ಇಬ್ಬರೂ ಇಪ್ಪತ್ತೈದು ವರ್ಷ ಜೊತೆಗೆ ಆಡಿದವರು. ಭೂಮಾಪಕ ಪ್ರತಿ ಹೊಡೆತಕ್ಕೂ ಮುಂಚೆ ಕಣ್ಣು ಕಿರಿದು ಮಾಡಿ ದೂರ ನೋಡುತ್ತ ನಿಲ್ಲುತ್ತಿದ್ದ. “ಸರ್ವೆಯವರೇ, ಅಳೆದದ್ದು ಸಾಕು. ಇದು ಯಾರ ಜಮೀನೂ ಅಲ್ಲ, ಹೊಡೀರಿ” ಎಂದು ವ್ಯಾಪಾರಿ ರೇಗಿಸುತ್ತಿದ್ದ.

ಭೂಮಾಪಕನ ಹೆಂಡತಿ ಆಡುತ್ತಿರಲಿಲ್ಲ, ಆದರೆ ಜೊತೆಗೆ ನಡೆಯುತ್ತಿದ್ದಳು. ಅವಳ ಹತ್ತಿರ ಎರಡು ಬಟ್ಟೆ ಚೀಲಗಳಿದ್ದವು. ಒಂದರಲ್ಲಿ ಹುಣಸೆಬೀಜ. ಗಂಡನ ಒಂದು ಹೊಡೆತಕ್ಕೆ ಒಂದು ಬೀಜ ತೆಗೆದು ಅಂಗೈಯಲ್ಲಿ ಹಿಡಿಯುವಳು. ಕುಳಿ ಮುಗಿದಾಗ ಎಣಿಸಿ, “ಐದು”, “ಆರು” ಎಂದು ಗಟ್ಟಿಯಾಗಿ ಹೇಳಿ ಇನ್ನೊಂದು ಚೀಲಕ್ಕೆ ಹಾಕುವಳು. ವ್ಯಾಪಾರಿ ಅದನ್ನೇ ಬರೆಯುವನು. ಭೂಮಾಪಕ ಎಂದಾದರೂ, “ಐದೇ ಅಲ್ಲವೇನೇ?” ಎಂದರೆ, “ನಿಮ್ಮ ಮಾತು ಐದು ಅನ್ನುತ್ತೆ, ಬೀಜ ಆರು ಅನ್ನುತ್ತೆ. ನಾನು ಬೀಜದ ಕಡೆ” ಎನ್ನುವಳು. ಹೀಗಾಗಿ ಅವನು ಎಂದೂ ಕಾರ್ಡು ಓದಿದವನಲ್ಲ. ಸಹಿ ಹಾಕುವ ಜಾಗ ಹುಡುಕಿ ಸಹಿ ಹಾಕುತ್ತಿದ್ದ, ಅಷ್ಟೇ.

ಕ್ಲಬ್ಬಿನಲ್ಲಿ ಅರವತ್ತು ದಾಟಿದವರಿಗೆ ವರ್ಷಕ್ಕೊಂದು ಸ್ಪರ್ಧೆ. ಗೆದ್ದವನ ಹೆಸರನ್ನು ಮರದ ಫಲಕದ ಮೇಲೆ ಬರೆಸುತ್ತಿದ್ದರು. ಭೂಮಾಪಕ ಎರಡು ಸಲ ಎರಡನೆಯವನಾಗಿದ್ದ. ಒಮ್ಮೆಯೂ ಅವನ ಹೆಸರು ಫಲಕಕ್ಕೆ ಏರಿರಲಿಲ್ಲ. ಆ ವರ್ಷ ಅವನ ಹೆಂಡತಿ ಕಾಯಿಲೆ ಬಿದ್ದಳು. ಆಸ್ಪತ್ರೆಯಲ್ಲಿ, “ಈ ಸಲ ಫಲಕದ ಮೇಲೆ ಹೆಸರು ಬರಬೇಕು. ನಾನಿಲ್ಲ ಅಂತ ಆಡೋದು ಬಿಡಬೇಡಿ” ಎಂದಳು. ಸ್ಪರ್ಧೆಗೆ ಎರಡು ತಿಂಗಳಿದೆ ಎನ್ನುವಾಗ ತೀರಿಕೊಂಡಳು.

ಸ್ಪರ್ಧೆಯ ದಿನ ಅವನು ಬಂದ. ಬಲಗಡೆಯ ಜೇಬಿನಲ್ಲಿ ಹುಣಸೆಬೀಜ ತುಂಬಿಕೊಂಡಿದ್ದ. ಒಂದು ಹೊಡೆತಕ್ಕೆ ಒಂದು ಬೀಜವನ್ನು ಎಡಗಡೆಯ ಜೇಬಿಗೆ ಹಾಕುತ್ತಿದ್ದ. ಆದರೆ ಕುಳಿ ಮುಗಿದಾಗ ಎಣಿಸಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ವ್ಯಾಪಾರಿಯೂ ಕೇಳಲಿಲ್ಲ. ತಾನು ಕಂಡಷ್ಟನ್ನು ಬರೆದುಕೊಂಡ.

ಅವನು ಚೆನ್ನಾಗಿ ಆಡಿದ. ಹದಿನಾಲ್ಕನೆಯ ಕುಳಿಯಲ್ಲಿ ಚೆಂಡು ಎತ್ತರದ ಹುಲ್ಲಿನೊಳಗೆ ಹೋಯಿತು. ಹುಲ್ಲಿನಲ್ಲಿ ಚೆಂಡು ಬಿದ್ದಾಗಲೆಲ್ಲ ಅವನ ಹೆಂಡತಿ ಎಡಗಡೆ ನಿಂತು, “ಅವಸರ ಬೇಡ” ಎನ್ನುತ್ತಿದ್ದಳು. ಅವನು ಕೋಲೆತ್ತಿದ. ಬೀಸುವಾಗ ತಲೆ ತಾನಾಗಿ ಎಡಕ್ಕೆ ತಿರುಗಿತು. ಹುಲ್ಲು ಹಾರಿತು. ಚೆಂಡು ಇದ್ದಲ್ಲೇ ಇತ್ತು.

ವ್ಯಾಪಾರಿ ಅದನ್ನು ನೋಡಿದ. ಸ್ನೇಹಿತನ ಕೈ ನಡುಗುವುದನ್ನೂ ನೋಡಿದ. ಆಮೇಲೆ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡ. ಭೂಮಾಪಕ ಒಂದು ಬೀಜವನ್ನು ಎಡಗಡೆಯ ಜೇಬಿಗೆ ಹಾಕಿ, ಮತ್ತೆ ಕೋಲೆತ್ತಿ ಚೆಂಡನ್ನು ಹೊರಗೆ ಹೊಡೆದ. ಆ ಕುಳಿಗೆ ಏಳು ಹೊಡೆತಗಳಾದವು. ವ್ಯಾಪಾರಿ ಆರು ಎಂದು ಬರೆದ.

ಆಟ ಮುಗಿಯಿತು. ಇಬ್ಬರೂ ಸಹಿ ಮಾಡಿ ಕಾರ್ಡು ನನಗೆ ಕೊಟ್ಟರು. ಭೂಮಾಪಕ ಎಂದಿನಂತೆ ಓದಲಿಲ್ಲ. ನಾನು ಕೂಡಿದೆ. ತೊಂಬತ್ತೊಂದು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಅವನ ನಂತರದವನದು ತೊಂಬತ್ತನಾಲ್ಕು. ಎಲ್ಲರೂ ಬಂದು ಅವನ ಕೈ ಕುಲುಕಿದರು. ಗೆದ್ದವನಿಗೆ ಕೊಡುವ ಬಹುಮಾನದ ಕಪ್ಪನ್ನು ಒರೆಸಿ ಮೇಜಿನ ಮೇಲೆ ಇಟ್ಟೆ.

ಅವನು ಹೊರಗೆ ಬೆಂಚಿನ ಮೇಲೆ ಕುಳಿತು ಬೀಜ ಎಣಿಸಿದ. ಇನ್ನೊಮ್ಮೆ ಎಣಿಸಿದ. ಒಳಗೆ ಬಂದು ಬೀಜಗಳನ್ನು ನನ್ನ ಮೇಜಿನ ಮೇಲೆ ಸುರಿದ.

“ಎಣಿಸಿ” ಎಂದ.

ಎಣಿಸಿದೆ. ತೊಂಬತ್ತೆರಡು.

ವ್ಯಾಪಾರಿ ಅಲ್ಲೇ ನಿಂತಿದ್ದ. “ಹುಣಸೆಬೀಜ ನಂಬಿಕೊಂಡು ಕೂತರೆ ಹೇಗೆ, ಸರ್ವೆಯವರೇ? ಜೇಬಿಗೆ ಕೈ ಹಾಕುವಾಗ ಎರಡು ಬಂದಿರುತ್ತೆ.”

“ಹುಲ್ಲಿನಲ್ಲಿ ಬೀಸಿ ತಪ್ಪಿದೆನಲ್ಲ. ಅದು ಎಲ್ಲಿದೆ, ಶೆಟ್ಟರೇ?”

ವ್ಯಾಪಾರಿ ತಲೆ ತಗ್ಗಿಸಿದ. “ಬರೆಯಲಿಲ್ಲ. ನಿಮ್ಮ ಕೈ ನಡುಗುತ್ತಿತ್ತು. ಅದನ್ನು ನೋಡಿಕೊಂಡು ಹೇಗೆ ಬರೆಯಲಿ?”

ಭೂಮಾಪಕ ನನ್ನ ಕಡೆ ನೋಡಿದ. ನಿಯಮ ಅವನಿಗೂ ಗೊತ್ತಿತ್ತು. ಆದರೂ ಹೇಳಬೇಕಾದವನು ನಾನು. ಕಾರ್ಡಿನಲ್ಲಿ ಆರು ಎಂದಿದೆ, ಕೆಳಗೆ ನಿಮ್ಮ ಸಹಿಯಿದೆ, ನೀವು ಸ್ಪರ್ಧೆಯಲ್ಲಿಲ್ಲ ಎಂದೆ. ಏಳು ಎಂದು ಬರೆದಿದ್ದರೆ ತೊಂಬತ್ತೆರಡಕ್ಕೂ ಅವನೇ ಗೆಲ್ಲುತ್ತಿದ್ದ. ಅದನ್ನು ನಾನು ಹೇಳಲಿಲ್ಲ. ಕರಿಹಲಗೆ ಎದುರಿಗೇ ಇತ್ತು.

ವ್ಯಾಪಾರಿ ಅಳತೊಡಗಿದ. “ನಿಮಗೆ ಒಳ್ಳೆಯದಾಗಲಿ ಅಂತ ಮಾಡಿದೆ. ನಿಮ್ಮ ಹೆಸರನ್ನು ನಾನೇ ಅಳಿಸಿದ ಹಾಗಾಯಿತು.”

ಭೂಮಾಪಕ ಬೀಜಗಳನ್ನು ಒಂದೊಂದಾಗಿ ಜೇಬಿಗೆ ತುಂಬಿಕೊಳ್ಳುತ್ತಿದ್ದ. “ಹೆಸರು ಹೋಗಲಿ ಬಿಡಿ” ಎಂದ. “ಇವತ್ತು ಹದಿನೆಂಟು ಕುಳಿ ನಡೆದೆ. ಹದಿನೇಳರಲ್ಲಿ ನಾನೊಬ್ಬನೇ ಇದ್ದೆ. ಆ ಒಂದು ಸಲ ಅವಳ ಕಡೆ ತಿರುಗಿದೆ. ನೀವು ಅದನ್ನೇ ಬಿಟ್ಟಿರಲ್ಲ, ಶೆಟ್ಟರೇ.”

ಬಹುಮಾನದ ಕಪ್ಪು ತೊಂಬತ್ತನಾಲ್ಕು ಹೊಡೆದವನಿಗೆ ಹೋಯಿತು. ಫಲಕದ ಮೇಲೆ ಅವನ ಹೆಸರು ಬಂತು.

ಮರುದಿನ ಭೂಮಾಪಕ ನನ್ನ ಹತ್ತಿರ ಬಂದು ಆ ಕಾರ್ಡನ್ನು ಕೇಳಿದ. ಅದಕ್ಕೆ ಈಗ ಬೆಲೆಯಿಲ್ಲ ಎಂದೆ. ಗೊತ್ತು ಎಂದ. ಹದಿನಾಲ್ಕನೆಯ ಕುಳಿಯ ಮನೆಯಲ್ಲಿದ್ದ ಆರನ್ನು ಒಂದೇ ಗೆರೆಯಿಂದ ಹೊಡೆದುಹಾಕಿ ಪಕ್ಕದಲ್ಲಿ ಏಳು ಎಂದು ಬರೆದ. ಸ್ನೇಹಿತನನ್ನು ಬಾಗಿಲ ಹೊರಗೆ ನಿಲ್ಲಿಸಿ ಬಂದಿದ್ದ. ಅವನನ್ನು ಒಳಗೆ ಕರೆದು ಪೆನ್ನು ಕೊಟ್ಟ. ವ್ಯಾಪಾರಿ ಏಳರ ಪಕ್ಕದಲ್ಲಿ ಸಹಿ ಮಾಡಿದ. ಭೂಮಾಪಕ ಕಾರ್ಡನ್ನು ಮೊದಲ ಕುಳಿಯಿಂದ ಕೊನೆಯ ಕುಳಿಯವರೆಗೂ ಓದಿ, ತಾನೂ ಸಹಿ ಮಾಡಿ, ಮಡಿಸದೆ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ, “ಆ ವ್ಯಾಪಾರಿ ಕೆಟ್ಟವನಲ್ಲವಲ್ಲ, ಗುರುಗಳೇ?” ಎಂದ.

“ಅಲ್ಲ. ಅಷ್ಟು ಒಳ್ಳೆಯ ಇನ್ನೊಬ್ಬ ಮನುಷ್ಯನನ್ನು ಆ ಊರಿನಲ್ಲಿ ನಾನು ಕಾಣಲಿಲ್ಲ.”

ಶಿಷ್ಯ ತಂಗಿಯ ಕಾಗದವನ್ನು ಬಿಡಿಸಿದ. ಮತ್ತೆ ಮಡಿಸಿದ.

ಗುರುಗಳು ಕೇಳಿದರು: “ನಿನ್ನ ಅವ್ವ ಅವಳನ್ನು ಎಷ್ಟು ಸಲ ಕರೆದಳು?”