ಮಾತಿನಗುಡ್ಡದ ಖಾಲಿ ಕಲ್ಲು

ಗೋಣಿಹಾಳದ ಕಲ್ಲುಕ್ವಾರಿಗೆ ಹೋಗುವ ಮಣ್ಣುರಸ್ತೆ ಎಡಕ್ಕೆ ಹೊರಳುವಲ್ಲಿ ಒಂದು ಬೋಳುಗುಡ್ಡವಿದೆ. ಹೇಳಿಕೊಳ್ಳುವಂಥ ಗುಡ್ಡವೇನಲ್ಲ. ಹತ್ತಲು ಕಾಲುಗಂಟೆ ಸಾಕು, ಮೇಲೆ ನೆರಳಿಗೊಂದು ಗಿಡವೂ ಇಲ್ಲ. ಊರು ತಗ್ಗಿನಲ್ಲಿರುವುದರಿಂದ ಮೊಬೈಲಿಗೆ ಸಿಗ್ನಲ್ ಸಿಗುವುದು ಈ ಗುಡ್ಡದ ನೆತ್ತಿಯಲ್ಲಿ ಮಾತ್ರ. ಒಡಿಶಾ, ಜಾರ್ಖಂಡ್, ತಮಿಳುನಾಡುಗಳಿಂದ ಕ್ವಾರಿಯ ಕೆಲಸಕ್ಕೆ ಬಂದವರು ಸಂಜೆ ಕೈಕಾಲು ತೊಳೆದುಕೊಂಡು ಇಲ್ಲಿಗೆ ಹತ್ತಿ, ತಂತಮ್ಮ ಮನೆಯವರೊಂದಿಗೆ ತಂತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಮಾತಿನಗುಡ್ಡವೆಂಬ ಹೆಸರು ಇದರಿಂದಲೇ ಬಂದಿರಬೇಕೆಂದು ಹೊಸಬರು ತಿಳಿಯುತ್ತಾರೆ. ತಿಳಿಯಲಿ, ಅವರದೇನೂ ತಪ್ಪಿಲ್ಲ. ಆದರೆ ಮೊಬೈಲು ಬಂದದ್ದು ಮೊನ್ನೆ ಮೊನ್ನೆ. ಗುಡ್ಡದ ಹೆಸರು ಊರಿನ ಮುತ್ತಜ್ಜಂದಿರ ಬಾಯಲ್ಲೂ ಇತ್ತು. ನೆತ್ತಿಯಲ್ಲಿ ಎರಡು ಕಲ್ಲುಗಳು ಎದುರುಬದುರಾಗಿವೆ. ಒಂದು, ಜನ ಕೂತು ಕೂತು ಸವೆದು ನುಣುಪಾಗಿದೆ. ಇನ್ನೊಂದರ ಮೇಲೆ ಯಾರೂ ಕೂರುವುದಿಲ್ಲ. ಗೊತ್ತಿಲ್ಲದೆ ಕೂತವರನ್ನು ಊರವರು ಮೆಲ್ಲಗೆ ಎಬ್ಬಿಸುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಸುಲ್ತಾನರ ಕೈಯಲ್ಲಿದ್ದಾಗ, ಗುಡ್ಡದಾಚೆಯ ಕೋಟೆಯ ಕುದುರೆಲಾಯದಲ್ಲಿ ಇಬ್ಬರು ಹಬಸಿಗಳಿದ್ದರು ಎನ್ನುತ್ತಾರೆ. ಕಡಲಾಚೆಯ ಆಫ್ರಿಕಾದಿಂದ ವ್ಯಾಪಾರಿಗಳು ಹಿಡಿದು ತಂದು ಮಾರಿದವರು. ಒಬ್ಬ ಯಾಕೂತ, ನಡುವಯಸ್ಸು ದಾಟಿದ ಲಾಯದಾಳು. ಇನ್ನೊಬ್ಬಳು ಏಳೆಂಟು ವರ್ಷದ ಹುಡುಗಿ. ಅವಳಿಗೆ ಕೋಟೆಯವರು ಮರ್ಜಾನ ಎಂದು ಹೆಸರಿಟ್ಟಿದ್ದರು. ಇಬ್ಬರಲ್ಲಿ ರಕ್ತಸಂಬಂಧವಿರಲಿಲ್ಲ. ಒಂದೇ ಮಾತಿನವರು, ಅಷ್ಟೆ. ಆ ಅಷ್ಟೆ ಎಂಬುದು ಎಷ್ಟು ದೊಡ್ಡದೆಂದು ಪರನಾಡಿನಲ್ಲಿ ಬಾಳಿದವರನ್ನು ಕೇಳಬೇಕು. ಕುದುರೆಯ ಗೊರಸು ನೋಡುವುದು, ಕಾಲಿನ ಬಾವು ಇಳಿಸುವುದು, ಎಲುಬು ಕೂಡಿಸುವುದು, ಎಲ್ಲವನ್ನೂ ಯಾಕೂತ ಅವಳಿಗೆ ತಮ್ಮ ಮಾತಿನಲ್ಲೇ ಕಲಿಸಿದ. ಹೀಗಿರಲು ಒಂದು ಯುದ್ಧದಲ್ಲಿ ಕೋಟೆ ಬಿತ್ತು. ಪಠಾಣರು ಪಠಾಣರಿದ್ದಲ್ಲಿಗೆ, ಮರಾಠರು ಮರಾಠರಿದ್ದಲ್ಲಿಗೆ, ಕನ್ನಡದವರು ತಂತಮ್ಮ ಊರಿಗೆ ಗಂಟುಮೂಟೆ ಕಟ್ಟಿದರು. ಇವರಿಬ್ಬರಿಗೆ ಮಾತ್ರ ಹೋಗಲು ದಿಕ್ಕಿರಲಿಲ್ಲ. ಗುಡ್ಡವಿಳಿದು ಗೋಣಿಹಾಳಕ್ಕೆ ಬಂದರು.

ಊರು ಅವರನ್ನು ಓಡಿಸಲಿಲ್ಲ, ಹಾಗೆಂದು ಕರೆದು ಕೂರಿಸಲೂ ಇಲ್ಲ. ನೇಕಾರರಿಗೆ ಒಂದು ಕೇರಿ, ಕುರುಬರಿಗೆ ಒಂದು, ಮುಸಲ್ಮಾನರಿಗೆ ಒಂದು. ಹೀಗೆ ಎಲ್ಲರಿಗೂ ಅವರವರ ಕೇರಿ ಇದ್ದ ಊರದು. ಇವರು ಯಾವ ಕೇರಿಯವರೂ ಅಲ್ಲವಾದ್ದರಿಂದ ಎಲ್ಲ ಕೇರಿಗಳೂ ಮುಗಿದ ಮೇಲೆ, ಹುಣಸೆಮರದ ಆಚೆ, ಒಂದು ಗುಡಿಸಲಿಗೆ ಜಾಗ ಸಿಕ್ಕಿತು. ಎತ್ತುಗಳ ಹೆಗಲುಬಾವು, ಕುಂಟುಗಾಲುಗಳಿಗೆ ಅವರ ಕೈಗುಣ ಹಿಡಿಸಿದ್ದರಿಂದ ಹೊಟ್ಟೆಪಾಡಿಗೆ ತೊಂದರೆಯಾಗಲಿಲ್ಲ. ಊರವರು ಹುಡುಗಿಯನ್ನು ಕರೆವ್ವ ಎಂದರು. ಅದರಲ್ಲಿ ಕುಚೋದ್ಯವೇನಿರಲಿಲ್ಲ, ಊರಿನಲ್ಲಿ ಆಗಲೇ ನಾಲ್ಕು ಜನ ಕರೆವ್ವಂದಿರಿದ್ದರು. ಆದರೆ ಅವರನ್ನು ನೇಕಾರ ಕರೆವ್ವ, ಕುರುಬರ ಕರೆವ್ವ ಎನ್ನುತ್ತಿದ್ದರು. ಇವಳು ಬರೀ ಕರೆವ್ವ.

ಅಮಾವಾಸ್ಯೆಯ ದಿನ ಈ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಆದ್ದರಿಂದ ಆ ದಿನ ಇವರನ್ನು ಯಾರೂ ಕರೆಯುತ್ತಿರಲಿಲ್ಲ. ಇಬ್ಬರೂ ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿ, ಆ ಎರಡು ಕಲ್ಲುಗಳ ಮೇಲೆ ಎದುರುಬದುರು ಕೂತು, ಹೊತ್ತು ಇಳಿಯುವ ತನಕ ತಮ್ಮ ಮಾತಿನಲ್ಲಿ ಹರಟುತ್ತಿದ್ದರು. ಕೆಲವು ವರ್ಷಗಳಲ್ಲಿ ಯಾಕೂತ ತೀರಿಕೊಂಡ. ಕರೆವ್ವ ಅಮಾವಾಸ್ಯೆಗೆ ಗುಡ್ಡ ಹತ್ತುವುದನ್ನು ಬಿಡಲಿಲ್ಲ. ತನ್ನ ಕಲ್ಲಿನ ಮೇಲೆ ಕೂತು ಎದುರಿನ ಕಲ್ಲಿಗೆ ತಿಂಗಳ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಯಾಕೂತ ಏನೆನ್ನುತ್ತಿದ್ದನೋ ಅದನ್ನೂ ತಾನೇ, ದನಿ ದಪ್ಪ ಮಾಡಿ, ಹೇಳಿ ನಗುತ್ತಿದ್ದಳು. ಹೀಗೆ ಮೂವತ್ತು ವರ್ಷ ಕಳೆಯಿತು.

ಆಮೇಲೊಂದು ವರ್ಷ ದನಗಳಿಗೆ ದೊಡ್ಡ ಬೇನೆ ಬಂತು. ಕರೆವ್ವ ಹಗಲಿಡೀ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡಿದಳು. ಆದರೂ ದನ ಸತ್ತವು. ಕಣ್ಣೆದುರೇ ದನ ಸತ್ತವರಿಗೆ ಯಾರ ಮೇಲಾದರೂ ತಪ್ಪು ಹಾಕಬೇಕಲ್ಲ! ಅಮಾವಾಸ್ಯೆಗೇ ಗುಡ್ಡ ಹತ್ತುತ್ತಾಳೆ, ಯಾರಿಗೂ ತಿಳಿಯದ ಮಾತಿನಲ್ಲಿ ಎರಡು ದನಿ ತೆಗೆಯುತ್ತಾಳೆ, ಇದು ಮಾಟವಲ್ಲದೆ ಮತ್ತೇನು ಎಂದರು. ಆ ದಿನ ಅವಳಿಗೆ ಬಿಡುವು ಕೊಟ್ಟದ್ದು ತಮ್ಮದೇ ಎತ್ತುಗಳು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಊರಗೌಡ ಸೋಮನಗೌಡ ಕೆಟ್ಟವನಲ್ಲ, ಆದರೆ ನಾಲ್ಕು ಜನರ ಬಾಯಿಗೆ ಹೆದರುವವನು. ಗುಡಿಸಲಿಗೆ ಬಂದು ಹೊರಗೇ ನಿಂತು ಹೇಳಿದ:

“ಅಮಾಸಿ ದಿನ ಗುಡ್ಡ ಹತ್ತೂದು ಬಿಡವ್ವ. ಇಲ್ಲಾಂದ್ರ ಊರು ಬಿಡು.”

“ದನಕ್ಕ ಬೇನಿ ಬಂದ್ರ ನಾ ಬೇಕು, ನನಗ ನನ್ನ ಮಾತು ಬ್ಯಾಡೇನ್ರಿ ಗೌಡ್ರ?” ಎಂದಳು ಕರೆವ್ವ.

ಐವತ್ತರ ಹತ್ತಿರ ಬಂದ ಹೆಂಗಸು ಊರು ಬಿಟ್ಟು ಎಲ್ಲಿಗೆ ಹೋದಾಳು? ಗುಡ್ಡ ಬಿಟ್ಟಳು. ಒಂದು ಅಮಾವಾಸ್ಯೆ ಹೋಯಿತು, ಎರಡು ಹೋದವು, ಮೂರು ಹೋದವು. ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತು ಸಾರಿಗೆ ಉಪ್ಪು ಹಾಕುತ್ತಿದ್ದವಳ ಕೈ ಹಾಗೇ ನಿಂತಿತು. ಊರು ಇದಕ್ಕೆ ಉಪ್ಪು ಎನ್ನುತ್ತದೆ. ಕೋಟೆಯಲ್ಲಿ ನಮಕ್ ಎನ್ನುತ್ತಿದ್ದರು. ಅವ್ವ ಏನೆನ್ನುತ್ತಿದ್ದಳು? ನೀರು ನೆನಪಾಯಿತು, ಹಾಲು ನೆನಪಾಯಿತು, ಉಪ್ಪು ಬರಲಿಲ್ಲ. ಸಾರು ಕುದಿದು ಬತ್ತಿಹೋಯಿತು. ಅವ್ವನ ಮುಖ ಅವಳಿಗೆ ಎಂದೋ ಮರೆತಿತ್ತು. ಅದಕ್ಕೆ ಇಷ್ಟು ಹೆದರಿರಲಿಲ್ಲ. ಇವತ್ತು ಉಪ್ಪು ಹೋಯಿತು, ನಾಳೆ ನೀರೂ ಹೋಗುತ್ತದೆ, ಕೊನೆಗೊಂದು ದಿನ ಅವ್ವ ಇಟ್ಟ ಹೆಸರೂ ಹೋದರೆ ತಾನು ಯಾರೆಂದು ಅವಳಿಗೆ ಅಂಜಿಕೆಯಾಯಿತು. ಆ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ನಾಲ್ಕನೆಯ ಅಮಾವಾಸ್ಯೆಗೆ ಅವಳು ಯಾವಾಗಲೂ ಹೋಗುತ್ತಿದ್ದ ಊರ ಹಿಂದಿನ ದಾರಿ ಹಿಡಿಯಲಿಲ್ಲ. ಉರಿಬಿಸಿಲಿನಲ್ಲಿ, ಎಲ್ಲ ಕೇರಿಗಳ ನಡುವೆಯೇ ಹಾಯ್ದು ಗುಡ್ಡ ಹತ್ತಿದಳು. ಗೌಡ, ಹಿರಿಯರು, ಅವರ ಹಿಂದೆ ಅರ್ಧ ಊರು ಹೊರಟಿತು. ನೆತ್ತಿಯ ಕೆಳಗೆ ಎಲ್ಲರೂ ನಿಂತರು. ಮೇಲೆ ಕರೆವ್ವ ಎದುರಿನ ಕಲ್ಲಿಗೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಹೇಳುವಳು, ಸುಮ್ಮನೆ ಕಾಯುವಳು, ಮತ್ತೆ ಅದನ್ನೇ ಹೇಳುವಳು. ಈ ಸಲ ದಪ್ಪ ದನಿಯ ಉತ್ತರ ಬರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಆ ಗುಂಪಿನಲ್ಲಿ ಗೌಡನ ಹೆಂಡತಿ ಅಚ್ಚಮ್ಮನೂ ಇದ್ದಳು. ಗದ್ವಾಲ ಸೀಮೆಯ ತೆಲುಗು ಮನೆಯಿಂದ ಹನ್ನೆರಡು ವರ್ಷದವಳಾಗಿ ಬಂದವಳು. ಅತ್ತೆ ಮನೆಯಲ್ಲಿ ತೆಲುಗು ಆಡಿದರೆ ನಗುತ್ತಾರೆಂದು ಬಾಯಿ ಮುಚ್ಚಿದವಳು ಮತ್ತೆ ಆ ಮಾತು ಆಡಿರಲಿಲ್ಲ. ಅವಳು ಗಂಡನಿಗೆ, ಎಲ್ಲರಿಗೂ ಕೇಳುವಂತೆ, ಹೇಳಿದಳು:

“ಮಾಟ ಅಲ್ಲ, ಮಣ್ಣೂ ಅಲ್ಲ. ಅಕಿ ತೌರುಮನಿ ಮಾತು ಆಡಾಕತ್ತಾಳ. ಏನೋ ಕಳಕೊಂಡಾಳ, ಹುಡಕಾಕತ್ತಾಳ. ನೀವು ಮನೀಗೆ ನಡೀರಿ.”

ಗೌಡನ ಹೆಂಡತಿ ಎಲ್ಲರೆದುರು ಹಾಗೆ ಮಾತಾಡಿದ್ದು ಅದೇ ಮೊದಲು. ಜನ ಒಬ್ಬರ ಮುಖ ಒಬ್ಬರು ನೋಡುತ್ತ ಇಳಿದುಹೋದರು. ಅಚ್ಚಮ್ಮ ಮೇಲೆ ಹೋಗಿ ಖಾಲಿ ಕಲ್ಲಿನ ಮೇಲೆ ಕೂರಲು ಹೊರಟಾಗ ಕರೆವ್ವ ಕೈ ಅಡ್ಡ ಮಾಡಿದಳು.

“ಅಲ್ಲಿ ಬ್ಯಾಡ್ರಿ ಗೌಡಶಾನಿ. ಅಲ್ಲಿ ಯಾಕೂತ ಕುಂತಾನ.”

ಅಚ್ಚಮ್ಮ ನೆಲದ ಮೇಲೆ ಕೂತಳು. ತೊದಲುತ್ತ, ತೆಲುಗಿನಲ್ಲಿ ಏನೋ ಹೇಳಿದಳು. ಅದು ಕರೆವ್ವನಿಗೆ ತಿಳಿಯಲಿಲ್ಲ, ಕರೆವ್ವನದು ಇವಳಿಗೆ ತಿಳಿಯಲಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆ ಇಬ್ಬರೂ ಅಲ್ಲಿ ತಂತಮ್ಮ ಮಾತಾಡಿ ಇಳಿಯುತ್ತಿದ್ದರು. ಉಪ್ಪಿನ ಮಾತು ಸಿಕ್ಕಿತೆಂದು ಕೆಲವರು ಹೇಳುತ್ತಾರೆ. ಸಿಕ್ಕಿರಲಾರದು. ಅದನ್ನು ಹೇಳಿಕೊಡಬಲ್ಲವನು ಮಣ್ಣಾಗಿ ಮೂವತ್ತು ವರ್ಷವಾಗಿತ್ತು.

ಸಾಯುವ ಮುನ್ನ ಕರೆವ್ವ ಅಚ್ಚಮ್ಮನಿಗೆ ಅವ್ವ ಇಟ್ಟ ಹೆಸರನ್ನು ಹೇಳಿದಳಂತೆ. ಮೂರು ಸಲ ಹೇಳಿದಳು, ಅಚ್ಚಮ್ಮ ಮೂರು ಸಲವೂ ಅಂದಳು. ಆದರೆ ಮಣ್ಣು ಕೊಟ್ಟು ಮನೆಗೆ ಬಂದು ಮೊಮ್ಮಕ್ಕಳಿಗೆ ಹೇಳಹೋದರೆ ಅದು ನಾಲಿಗೆಗೆ ಬರಲಿಲ್ಲ. ಮುದುಕಿ ಅದಕ್ಕಾಗಿ ಬದುಕಿರುವ ತನಕ ಕಣ್ಣೀರು ಹಾಕಿದಳು. ಹೆಸರು ಸಿಕ್ಕಿದ್ದರೆ ಗುಡ್ಡಕ್ಕೆ ಅದನ್ನೇ ಇಡುತ್ತಿದ್ದರು. ಸಿಗದ್ದರಿಂದ ಮಾತಿನಗುಡ್ಡ ಎಂದರು.

ಈಗಲೂ ಸಂಜೆ ಹೋದವರು ನೋಡಬಹುದು. ಕ್ವಾರಿಯವರು ಸವೆದ ಕಲ್ಲಿನ ಮೇಲೆ ಒಬ್ಬರಾದ ಮೇಲೊಬ್ಬರು ಕೂತು ಮಾತಾಡಿ ಏಳುತ್ತಾರೆ. ಗಾಳಿ ಜೋರಾದರೆ ಸಿಗ್ನಲ್ ನಿಲ್ಲುವುದಿಲ್ಲ, ಮಾತು ನಡುವೆಯೇ ಕಡಿದುಹೋಗುತ್ತದೆ. ಆಗ ಕೆಲವರು ಬೈದುಕೊಂಡು ಇಳಿಯುತ್ತಾರೆ. ಕೆಲವರು ಮಾತ್ರ ಮೊಬೈಲನ್ನು ಜೇಬಿಗಿಟ್ಟು, ಅತ್ತಿತ್ತ ನೋಡಿ, ಹೇಳಲು ಉಳಿದದ್ದನ್ನು ಎದುರಿನ ಕಲ್ಲಿಗೆ ಹೇಳಿ ಮುಗಿಸುತ್ತಾರೆ.