ಮರಕತಮ್ಮ ಗೆಜ್ಜೆ ಬಿಚ್ಚಿದ್ದು

ಹೊಳೆಯ ದಡದ ಮನೆಯಲ್ಲಿ ಮರಕತಮ್ಮ ನಾಟ್ಯ ಕಲಿಸುತ್ತಿದ್ದರು. ಬಾಯಿಬಿಟ್ಟು ಯಾರನ್ನೂ ಹೊಗಳಿದವರಲ್ಲ. ಶಿಷ್ಯೆಯ ವಿದ್ಯೆ ಮಾಗಿತು ಅನ್ನಿಸಿದ ದಿನ ತಾವೇ ನೆಲದ ಮೇಲೆ ಕೂತು ಅವಳ ಕಾಲಿನ ಗೆಜ್ಜೆ ಬಿಚ್ಚುತ್ತಿದ್ದರು. ಆ ಮನೆಯಲ್ಲಿ ಅದೇ ಬಿರುದು, ಅದೇ ಆಶೀರ್ವಾದ. ಅಲ್ಲಿಯವರೆಗೆ ಅವರವರ ಗೆಜ್ಜೆಯನ್ನು ಅವರವರೇ ಬಿಚ್ಚಿಕೊಳ್ಳಬೇಕು.

ಅಂಬುಜಾ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅಲ್ಲಿ ಸೇರಿದಳು. ಕುಣಿದು ಮುಗಿಸಿ, ಕಾಲು ಚಾಚಿ ಕೂತು ಕಾಯುವಳು.

"ಅಮ್ಮಾ, ಇವತ್ತು?"

"ಇನ್ನೊಂದ್ಸಲ."

ಬೆಳೆದಳು. ಊರೂರಲ್ಲಿ ಕುಣಿದಳು. ಹೊದಿಸಿದ ಶಾಲುಗಳಿಗೆ ಬೀರುವಿನಲ್ಲಿ ಜಾಗ ಸಾಲದಾಯಿತು. ಆದರೂ ಪ್ರತಿ ಸಲ ಗುರುವಿನ ಮನೆಗೆ ಬಂದು ಕುಣಿದು ತೋರಿಸುವಳು, ಕಾಲು ಚಾಚುವಳು.

"ಮಂಡಿ ಊದಿದೆ ಅಮ್ಮಾ. ತುಂಬಾ ನೋಯ್ತಿದೆ."

"ನೋವು ಮುಖಕ್ಕೆ ಬಂತು. ಇನ್ನೊಂದ್ಸಲ."

ಒಳ್ಳೆ ಪ್ರಾಯದಲ್ಲೇ ಆ ಮಂಡಿ ಕೈಕೊಟ್ಟಿತು. ಅಂಬುಜಾ ರಂಗ ಬಿಟ್ಟು ಶಾಲೆ ತೆರೆದಳು. ಮಕ್ಕಳೇನೋ ತುಂಬಿದರು. ಹೊಟ್ಟೆಯೊಳಗಿನ ಉರಿ ಮಾತ್ರ ಆರಲಿಲ್ಲ. ನನ್ನ ಗೆಜ್ಜೆಯನ್ನಂತೂ ಮುಟ್ಟಲಿಲ್ಲ, ನಾನು ತಯಾರು ಮಾಡಿದ ಹುಡುಗಿಯನ್ನು ನೋಡಿಯಾದರೂ ಆ ಮುದುಕಿ ತಲೆದೂಗಲಿ ಎಂದುಕೊಂಡಳು.

ಒಂದು ದಿನ ಪಾವನಿ ಎಂಬ ಶಿಷ್ಯೆಯನ್ನು ಕರೆದುಕೊಂಡು ಗುರುವಿನ ಮನೆಗೆ ಬಂದಳು. ಹೊಸ್ತಿಲ ಹತ್ತಿರ ಹುಡುಗಿ ನಿಂತುಬಿಟ್ಟಳು.

"ಮಿಸ್, ಮಂಡಿ ಮಡಿಸೋಕೇ ಆಗ್ತಿಲ್ಲ."

"ಇವತ್ತೊಂದು ದಿನ ಹಲ್ಲು ಕಚ್ಕೊಂಡು ಕುಣಿ, ಪುಟ್ಟಿ. ಮುಖದಲ್ಲಿ ತೋರಿಸಬೇಡ."

ಮರಕತಮ್ಮ ಕೋಲಿನಿಂದ ಮಣೆ ತಟ್ಟಿದರು. ಹುಡುಗಿ ಕುಣಿಯತೊಡಗಿದಳು. ಸ್ವಲ್ಪ ಹೊತ್ತಿಗೆ ತಾಳ ನಿಂತಿತು. ಮರಕತಮ್ಮ ಗೋಡೆ ಹಿಡಿದು ಎದ್ದು ಬಂದರು, ಪಾವನಿಯ ಕಾಲ ಬಳಿ ಕಷ್ಟಪಟ್ಟು ಕೂತರು, ಅವಳ ಗೆಜ್ಜೆಗೆ ಕೈ ಹಾಕಿದರು.

ಅಂಬುಜಾಳಿಗೆ ತಡೆಯಲಾಗಲಿಲ್ಲ.

"ಅಮ್ಮಾ! ಅದಿನ್ನೂ ಮಗು. ಅರ್ಧ ಪಾಠವೂ ಆಗಿಲ್ಲ. ಈಗ ತಾನೇ ತಾಳ ತಪ್ಪಿದ್ಳು!"

"ನನಗೂ ಕೇಳಿಸ್ತು."

"ನಾನು ಜೀವಮಾನವೆಲ್ಲ ನಿಮ್ಮೆದುರು ಕಾಲು ಚಾಚಿ ಕೂತೆ. ಇವಳಿಗೆ ಬಿಚ್ಚುತ್ತೀರಾ?"

ಮರಕತಮ್ಮ ಅವಳ ಕೈ ಎಳೆದು ಹುಡುಗಿಯ ಮಂಡಿಯ ಮೇಲಿಟ್ಟರು. ಮಂಡಿ ಊದಿಕೊಂಡು ಕಾದಿತ್ತು.

"ನಿನಗೆ ಗೊತ್ತಿತ್ತಾ?"

ಅಂಬುಜಾ ಹುಡುಗಿಯ ಮುಖ ನೋಡಲಿಲ್ಲ.

"ಗೊತ್ತಿತ್ತು."

"ಗೊತ್ತಿದ್ದೂ ಕುಣಿ ಅಂದೆಯಾ?"

"ನೀವು ನನಗೆ ಅಂದಿರಲಿಲ್ಲವಾ?"

"ಅಂದಿದ್ದೆ. ನಿನ್ನ ಮಂಡಿ ಹೋಗ್ತಿದೆ ಅಂತ ನನಗೆ ಆವತ್ತೇ ಗೊತ್ತಿತ್ತು."

ಅಂಬುಜಾಳಿಗೆ ನಾಚಿಕೆ ಒಂದು ಕಡೆ, ಸಿಟ್ಟು ಒಂದು ಕಡೆ. ಕೊನೆಗೆ ಸಿಟ್ಟೇ ಗೆದ್ದಿತು.

"ಹಾಗಾದ್ರೆ ಆವತ್ತು ನನ್ನ ಗೆಜ್ಜೆ ಯಾಕೆ ಬಿಚ್ಚಲಿಲ್ಲ?"

ಮರಕತಮ್ಮ ಇನ್ನೊಂದು ಕಾಲಿನ ಗೆಜ್ಜೆಯನ್ನೂ ಬಿಚ್ಚಿ ಪಕ್ಕಕ್ಕಿಟ್ಟರು.

"ನೀನು ಅಷ್ಟು ಚೆನ್ನಾಗಿ ಕುಣೀತಿದ್ದೆ ಕಣೇ. ನಿಲ್ಲಿಸೋಕೆ ನನಗೆ ಮನಸ್ಸು ಬರಲಿಲ್ಲ."