ತೊಟ್ಟಿಯಮ್ಮನ ಒಂಬತ್ತು ಗಂಟೆ

ಒಂದಾನೊಂದು ಊರಿನಲ್ಲಿ, ಶಾಲೆಯ ಅಂಗಳದಲ್ಲಿ, ಒಂದು ಕಲ್ಲಿನ ತೊಟ್ಟಿ. ಎಲ್ಲರೂ ಅವಳನ್ನು ತೊಟ್ಟಿಯಮ್ಮ ಎನ್ನುತ್ತಿದ್ದರು. ಒಳ್ಳೆಯ ಮನೆತನ. ಅಜ್ಜಿ ಅರಮನೆಯ ಹೂದೋಟದಲ್ಲಿದ್ದವಳು. ತಾಯಿ ಲೆಕ್ಕದ ಪರೀಕ್ಷೆಗೆ ತಪ್ಪದೆ ಬಂದವಳು. ಆ ವಂಶದಲ್ಲಿ ಯಾರೂ ಒಂದು ಹನಿ ನೆಲಕ್ಕೆ ಚೆಲ್ಲಿದವರಲ್ಲ.

ತೊಟ್ಟಿಯಮ್ಮನೂ ಶಾಲೆಯ ಒಂದು ಲೆಕ್ಕವೇ. ಮೇಲಿನ ನಲ್ಲಿ ಅವಳನ್ನು ಮೂರು ಗಂಟೆಯಲ್ಲಿ ತುಂಬಿಸುತ್ತದೆ. ಕೆಳಗಿನ ನಲ್ಲಿ ಆರು ಗಂಟೆಯಲ್ಲಿ ಬರಿದು ಮಾಡುತ್ತದೆ. ಎರಡನ್ನೂ ಬಿಟ್ಟರೆ ತುಂಬಲು ಎಷ್ಟು ಹೊತ್ತು? ದಿನವೂ ಇದೇ. ತುಂಬುವುದು, ಬರಿದಾಗುವುದು. ಅವಳಿಗೆ ಸಾಕಾಗಿ ಹೋಗಿತ್ತು.

ಆ ಊರಿನ ರಾಜನಿಗೆ ಕೂಡುವುದೆಂದರೆ ಪ್ರಾಣ. ಕಳೆಯುವುದು ಅಪಶಕುನ. ಹಾಗಾಗಿ ಮೇಷ್ಟ್ರು ಶಾಂತವೀರಯ್ಯ, "ಮೂರೂ ಆರೂ ಒಂಬತ್ತು" ಎಂದರು. ಮಕ್ಕಳೂ "ಒಂಬತ್ತು" ಎಂದರು. ಒಂಬತ್ತು ಗಂಟೆ ನೀರು ಬಿಡಬೇಕೆಂದು ಡಂಗುರ ಸಾರಿದರು.

ತೊಟ್ಟಿಯಮ್ಮ ಆರೇ ಗಂಟೆಯಲ್ಲಿ ತುಂಬಿದಳು.

"ತುಂಬಿದೆನಪ್ಪ, ನಿಲ್ಲಿಸಿ."

"ಎಲ್ಲಿ ತುಂಬಿದೆ ತೊಟ್ಟಿಯಮ್ಮ? ಉತ್ತರ ಇನ್ನೂ ಬಂದಿಲ್ಲ" ಎಂದರು ಮೇಷ್ಟ್ರು.

ನೀರು ಚೆಲ್ಲಿತು. ದಿನವೂ ಚೆಲ್ಲಿತು. ಅಂಗಳ ಕೆರೆಯಾಯಿತು, ಪೇಟೆ ಹೊಳೆಯಾಯಿತು. ರಾಜ ಒಂದು ಹರಿಗೋಲು ತರಿಸಿದ. ಅದಕ್ಕೆ ಇನ್ನೊಂದನ್ನು ಕೂಡಿದ. ಜನ ಸೀರೆ, ಪಂಚೆ ಎತ್ತಿಕೊಂಡು ಹೋಗುತ್ತ, "ದೊಡ್ಡ ಮನೆತನವಂತೆ. ನೀರು ಹಿಡಿಯೋ ಯೋಗ್ಯತೆ ಇಲ್ಲ" ಎಂದರು. ಆ ಮಾತು ತೊಟ್ಟಿಯಮ್ಮನ ಕಲ್ಲಿಗೇ ನಾಟಿತು.

ಒಂದು ದಿನ ತುಂಗಿ ಎಂಬ ಹುಡುಗಿ ಕೇಳಿದಳು: "ಮೇಷ್ಟ್ರೇ, ಕೆಳಗಿನ ನಲ್ಲಿ ನೀರು ತರುತ್ತಾ, ಒಯ್ಯುತ್ತಾ?"

"ಬೆಂಚಿನ ಮೇಲೆ ನಿಲ್ಲು."

ನಿಂತಳು. ಊರಲ್ಲಿ ಒಣಗಿದ್ದ ಪಾದ ಅವೆರಡೇ. ಬೆಂಚು ತೇಲುತ್ತ ತೊಟ್ಟಿಯ ಪಕ್ಕಕ್ಕೆ ಬಂತು. ಇಳಿ ಎಂದು ಯಾರೂ ಹೇಳಲಿಲ್ಲ. ರಾತ್ರಿಯೆಲ್ಲ ಕೆಳಗಿನ ನಲ್ಲಿ ಹರಿದು, ಬೆಳಗ್ಗೆ ತೊಟ್ಟಿ ಬರಿದಾಗಿತ್ತು.

"ಒಳಗೆ ಗೆರೆ ಎಳೆಯಲಾ ತೊಟ್ಟಿಯಮ್ಮ? ಆರು ಪಾಲು?"

"ಎಳೆ ಮಗಾ. ಇಷ್ಟು ವರ್ಷ ಯಾರೂ ಒಳಗೆ ಇಣುಕಿಯೇ ಇಲ್ಲ."

ತುಂಗಿ ಗೆರೆ ಎಳೆದಳು, ಎಂದಿನಂತೆ ಎರಡೂ ನಲ್ಲಿ ಬಿಟ್ಟರು. ಗಂಟೆ ಹೊಡೆದಾಗಲೆಲ್ಲ ನೀರು ಒಂದು ಗೆರೆ ಏರಿತು. ತುಂಗಿ ಕೂಗಿ ಹೇಳಿದಳು: "ಗಂಟೆಗೆ ಎರಡು ಪಾಲು ಬರುತ್ತೆ, ಒಂದು ಪಾಲು ಹೋಗುತ್ತೆ. ಉಳಿಯೋದು ಒಂದೇ. ಆರು ಪಾಲಿಗೆ ಆರು ಗಂಟೆ."

ಮೇಷ್ಟ್ರ ಮುಖ ಬಿಳಿಚಿತು. "ಕಳೆದೆಯಾ?"

"ನಾನೆಲ್ಲಿ ಕಳೆದೆ ಮೇಷ್ಟ್ರೇ? ನಲ್ಲಿ ಕಳೀತು."

ರಾಜ ಹರಿಗೋಲಿನಿಂದ ಇಣುಕಿ ನೋಡಿದ. ನೀರು ಅಂಚಿಗೆ ಬಂದು ನಿಂತಿತ್ತು. "ಆರೇ ಇರಲಿ. ನಿಲ್ಲಿಸಿ" ಎಂದ. ನಲ್ಲಿ ನಿಂತಿತು. ಎಲ್ಲರೂ ಮನೆ ಕಡೆ ತಿರುಗಿದರು.

"ನಿಲ್ಲಿ" ಎಂದಳು ತೊಟ್ಟಿಯಮ್ಮ.

"ಇನ್ನೇನು ತೊಟ್ಟಿಯಮ್ಮ? ಉತ್ತರ ಬಂತಲ್ಲ" ಎಂದರು ಮೇಷ್ಟ್ರು.

"ಉತ್ತರ ಬಂತು. ನನ್ನ ಮನೆತನದ ಮೇಲೆ ಆಡಿದ ಮಾತು ಹಾಗೇ ಇದೆ. ಈ ಮಗು ಇನ್ನೂ ಬೆಂಚಿನ ಮೇಲಿದೆ. ನಮ್ಮಿಬ್ಬರ ಕ್ಷಮೆಯನ್ನೂ ಕೇಳಿ."